ಏಳನೆಯ ಕಾಲಂ

ಹತ್ತೊಂಬತ್ತು ವರ್ಷ ಅವರ ರಿಜಿಸ್ಟರು ಅಚ್ಚು ಹಾಕಿದವನು ನಾನು,
ಹುಬ್ಬಳ್ಳಿಯ ಕೌಲಪೇಟೆಯ ಓಣಿಯಲ್ಲಿ,
ಮಸಿ ಕುಡಿದು ಕುಡಿದು ದಪ್ಪಗಾದ ಮಷಿನ್ನಿನ ಮೇಲೆ.
ತಾರೀಖು, ಹೊತ್ತು, ಚಿಗರಿ ಗಂಡು, ಚಿಗರಿ ಹೆಣ್ಣು,
ತೋಳ, ನರಿ, ಎರೆಭೂತ, ಷರಾ.
ಪ್ರಾಣಿ ಒಂದನ್ನೂ ಕಂಡವನಲ್ಲ.
ತೋಳಕ್ಕೆ ಮುಕ್ಕಾಲು ಇಂಚು ಸಾಕು,
ಎರೆಭೂತಕ್ಕೆ ಒಂದು ಪೂರಾ ಬೇಕು,
ಇಷ್ಟು ಗೊತ್ತಿತ್ತು.

ಈ ಸಲ ಆರ್ಡರಿನ ಜೊತೆ ಒಂದು ಚೀಟಿ:
‘ಏಳನೆಯ ಕಾಲಂ ತೆಗೆಯುವುದು. ಅನಗತ್ಯ.’
ಅನಗತ್ಯದ ಕೆಳಗೆ ಎರಡು ಗೆರೆ.
ಯಾಕೋ, ಬೆಳಗಿನ ಬಸ್ಸು ಹತ್ತಿದೆ ರಾಣೆಬೆನ್ನೂರಿಗೆ.

ಗೇಟಿನಲ್ಲಿ ಚಮನಸಾಬ. ಖಾಕಿ ಅಂಗಿಗೆ ಮೂರು ಬಣ್ಣದ ಗುಂಡಿ,
ಕಾಲಿಗೆ ಟೈರಿನ ಚಪ್ಪಲಿ.
“ನೀವ ಏನ್ರಿ ಆ ಗೆರಿ ಹೊಡಿಯಾವ್ರು?
ಮೂರನೇದ್ದು ಸೊಲ್ಪ ಅಗಲ ಮಾಡ್ರಿ,
ನನ್ನ ಅಂಕಿ ಹೊರಗ ಬೀಳ್ತಾವ.”
ಬೈಸಿಕೊಂಡೇ ಒಳಗೆ ಕಾಲಿಟ್ಟೆ.

ಮಳೆ ಮುಗಿದ ಮೇಲಿನ ಹುಲ್ಲು, ಮೊಣಕಾಲಿಗೆ ಬಂದು ಹಳದಿಗೆ ತಿರುಗಿದೆ.
ಕಾರೆ, ಜಾಲಿ, ನಡುನಡುವೆ ನೆಟ್ಟ ನೀಲಗಿರಿ,
ಕರೆಯದೆ ಬಂದು ಪಂಕ್ತಿಯಲ್ಲಿ ನಿಂತ ಎತ್ತರದ ನೆಂಟರು.
ಆಮೇಲೆ ಕಳ್ಳಿ. ಕಳ್ಳಿ. ಕಳ್ಳಿ.
ಡಬ್ಬಗಳ್ಳಿಯ ಅಂಗೈ ಮೇಲೆ ಅಂಗೈ ಮೇಲೆ ಅಂಗೈ,
ಎಲ್ಲವೂ ನಮ್ಮತ್ತ ತಿರುಗಿ: ನಿಲ್ಲು.

“ಸದ್ದ ಮಾಡಬ್ಯಾಡ್ರಿ”,
ಆತ ಅನ್ನುವುದರೊಳಗೆ ಹುಲ್ಲಿನ ಒಂದು ತುಂಡು ಎದ್ದು ನಿಂತಿತು.
ಕರಿ ಬೆನ್ನು, ಬಿಳಿ ಹೊಟ್ಟೆ, ತಿರುಪು ಹಾಕಿದ ಕೊಂಬು.
ಮೂರನೆಯ ಕಾಲಂ.
ಅದರ ಹಿಂದೆ ನಾಲ್ಕನೆಯದು, ಹದಿನಾಲ್ಕು, ಮಣ್ಣಿನದೇ ಬಣ್ಣ.
ಒಂದು ಜಿಗಿಯಿತು, ಅದನ್ನು ಕಂಡು ಉಳಿದವೂ,
ಬೇಲಿಯಿಲ್ಲದ ಕಡೆ ಬೇಲಿ ಹಾರುತ್ತ,
ನೆಲ ಮುಟ್ಟುವುದು ಬರೀ ಲೆಕ್ಕಕ್ಕೆ ಎಂಬಂತೆ.
ನನ್ನ ಗೆರೆಗಳ ನಡುವೆ ಇಷ್ಟು ವರ್ಷ
ಇವು ಹೇಗೆ ಹಿಡಿಸಿದವು?
ಚಮನಸಾಬ ಬೆರಳು ಮಡಚಿ ಎಣಿಸುತ್ತಿದ್ದ, ತುಟಿ ಅಲ್ಲಾಡದೆ.

ಏಳನೆಯದರ ಮಾತು ತೆಗೆದೆ.
ಉತ್ತರ ಕೊಡಲಿಲ್ಲ. ಕಳ್ಳಿಯ ಮೇಲಿನ
ಬಿಳಿ ಬೂಷ್ಟಿನಂಥದ್ದನ್ನು ಉಗುರಲ್ಲಿ ಕೆರೆದು
ಹೆಬ್ಬೆರಳಿನಿಂದ ಹಿಚುಕಿದ. ಕೆಂಪು!
ನನ್ನ ಅಂಗಡಿಯ ಯಾವ ಡಬ್ಬಿಯಲ್ಲೂ ಇರದ ಕೆಂಪು.
“ಹುಳಾರಿ ಇದು. ಚೌಕಿಯಾಗ ಪ್ಯಾಡ್ ಒಣಗಿದ್ರ
ಇದ ನಮ್ಮ ಶಾಯಿ.”
ನನ್ನ ಬೆರಳಿಗೂ ಹಚ್ಚಿದ.

ಆಮೇಲೆ ನಡೆಯುತ್ತ, ತನಗೇ ಹೇಳಿಕೊಂಡಂತೆ:
“ಕೆಲಸಕ್ಕ ಸೇರಿದ ವರ್ಷ ಒಂದ ಸಲ ಕಂಡಿತ್ರಿ,
ಅಗಾ, ಆ ದಿಬ್ಬದ ಮ್ಯಾಲ.
ಟೊಂಕದ ಎತ್ತರ. ಗೌಡ್ರು ಹೊಲಾ ನೋಡಾಕ ಬಂದಂಗ ನಡೀತು.
ನಾನೂ ನಿಂತೆ, ಅದೂ ನಿಂತು.
ಅವತ್ತ ನನಗ ಬರಿಯಾಕ ಬರ್ತಿರಲಿಲ್ಲ.
ಮುಂದ ಕಲತೆ.
ಅದು ಬರಲಿಲ್ಲ.”

ಎರೆಯ ಭೂತ. ಹೆಸರಿಟ್ಟವರು ಯಾರೋ,
ಆಗುವುದನ್ನು ಮೊದಲೇ ಬರೆದಿಟ್ಟ ಹಾಗೆ.
ದಿಬ್ಬದ ಮೇಲೆ ಗಾಳಿ.
ಎಲ್ಲೋ ಒಂದು ಗೌಜಲಕ್ಕಿ ಯಾರನ್ನೋ ಕರೆಯುತ್ತಲೇ ಇತ್ತು.

ಚೌಕಿಯಲ್ಲಿ ಚಹಾ ಕೊಟ್ಟು, ರಿಜಿಸ್ಟರು ಬಿಚ್ಚಿದ.
ಏಳನೆಯದರಲ್ಲಿ ದಿನಕ್ಕೊಂದು ಸೊನ್ನೆ.
ಅಡ್ಡಗೆರೆ ಎಳೆದು ಮುಗಿಸಬಹುದಿತ್ತು; ಎಳೆದಿಲ್ಲ.
ದುಂಡಗೆ ತಿದ್ದಿದ್ದಾನೆ, ಕೆಲವು ನೀಲಿ, ಕೆಲವು ಕೆಂಪು,
ಪುಟದಿಂದ ಪುಟಕ್ಕೆ ಒಂದರ ಕೆಳಗೊಂದು.
“ವರ್ಷಕ್ಕ ಒಂದ ತತ್ತಿ ಅಂತರಿ ಅದಕ್ಕ,
ಗೂಡಿಲ್ಲದ, ಬರೀ ನೆಲದ ಮ್ಯಾಲ.”
ನಾನು ಇನ್ನೊಮ್ಮೆ ಪುಟ ನೋಡಿದೆ.

ರಾತ್ರಿ ಹುಬ್ಬಳ್ಳಿ. ಶೆಟರ್ ಅರ್ಧ ಎತ್ತಿ ಕೂತೆ.
ಸೀಮೆಎಣ್ಣೆಗೂ ಹೋಗಲಿಲ್ಲ ಬೆರಳಿನ ಬಣ್ಣ.
ಚೀಟಿಯ ಪ್ರಕಾರ ಮೊಳೆ ಕಿತ್ತು ಹೆಸರು ತೆಗೆದೆ:
ಎ, ರೆ, ಭೂ, ತ.
ಗೆರೆ ಎರಡೂ ಹಾಗೇ ಬಿಟ್ಟೆ,
ನಡುವೆ ಒಂದು ಪೂರಾ ಇಂಚು.
ಮೂರನೆಯದನ್ನು ಅಗಲ ಮಾಡಲು ಜಾಗ ಸಾಲದೆ
ಷರಾದಿಂದ ಕದ್ದೆ.

ಬಿಲ್ಲಿನಲ್ಲಿ ನಲವತ್ತು ರೂಪಾಯಿ ಹಿಡಿದರು.
ಕಾರಣ: ಖಾಲಿ ಜಾಗ.