ವಿಳಾಸ ಹೇಳಿ

ಅಲ್ಮಾತಿಯಿಂದ ರೈಲು ಹೊರಟದ್ದು ಸಂಜೆ ಆರೂ ಹದಿನೇಳಕ್ಕೆ.
ಇಪ್ಪತ್ತೆರಡು ವರ್ಷ, ಆರೂ ಹದಿನೇಳಕ್ಕೆ
ನಾನು ಎಲ್ಲಿರುತ್ತಿದ್ದೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು:
ಆಂಬುಲೆನ್ಸ್ ಕಚೇರಿ, ಮೂರನೇ ಕುರ್ಚಿ,
ಎಡಗಿವಿಗೆ ಸವೆದ ಸ್ಪಂಜಿನ ಬಟ್ಟಲು,
ಬಾಯಲ್ಲಿ ಒಂದೇ ಮಾತು.
ವಿಳಾಸ ಹೇಳಿ.
ಮೊದಲು ವಿಳಾಸ, ಆಮೇಲೆ ಅಳು.

ವರ್ಷದ ರಜೆಗೆ ಸಹಿ ಹಾಕುವ ಮುನ್ನ ಮೇಲಧಿಕಾರಿ
ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ.
ಸಂಬಳ ಬರೋದಿಲ್ಲ ರಬಿಗಾ, ಏನು ಮಾಡ್ತೀಯ?
ಮೊದಲು ರೈಲು ಹತ್ತುತ್ತೇನೆ.
ಎಲ್ಲಿಗೆ?
ಹಳಿ ಮುಗಿಯೋವರೆಗೆ.
ಕಾರಣದ ಖಾನೆಯಲ್ಲಿ ಅವನು ‘ಕೌಟುಂಬಿಕ’ ಎಂದು ಬರೆದುಕೊಂಡ.

ಒಂಬತ್ತನೇ ಬೋಗಿ. ನಡುದಾರಿಯ ಪಕ್ಕದ ಕೆಳಗಿನ ಸೀಟು.
ಪಾಯಿಖಾನೆಯ ಬಾಗಿಲು ಬಡಿದಾಗಲೆಲ್ಲ ದಿಂಬು ಬೆಚ್ಚುತ್ತದೆ.
ಬೋಗಿಯ ಯಜಮಾನಿ ಕುಲ್ಯಾಶ್ ಕೊಟ್ಟ ಹಾಸುಬಟ್ಟೆ
ಇನ್ನೂ ಅರ್ಧ ಒದ್ದೆ; ಒಣಗುತ್ತೆ ಬಿಡು, ಎರಡು ದಿನ ಇದೆಯಲ್ಲ, ಅಂದಳು.
ಎದುರಿಗೆ ಟೊಲೆಗೆನ್ ಎಂಬ ಮುದುಕ.
ಹಳೇ ಕಾರಿಗೊಂದು ಮುಂಗಾಜು ಕೊಂಡು
ಹತ್ತಿಯ ರಜಾಯಿಯಲ್ಲಿ ಸುತ್ತಿ ತಂದಿದ್ದಾನೆ,
ಅದಕ್ಕೂ ಪೂರ್ತಿ ಟಿಕೆಟ್ಟು.
ಮೇಲಿನ ಮಂಚದಲ್ಲಿ ಅದು ಮಲಗಿದೆ, ಆಪರೇಶನ್ ಆದವರ ಹಾಗೆ.
ತಿರುವಿನಲ್ಲಿ ರೈಲು ವಾಲಿದರೆ
ಎದ್ದು ನಿಂತು, ಮೈ ಮುಟ್ಟಿ ನೋಡಿ, ಕೂರುತ್ತಾನೆ.

ರಾತ್ರಿ ಎರಡೂ ಹತ್ತಕ್ಕೆ ಎಚ್ಚರವಾಯಿತು.
ಆಗುತ್ತದೆ ಅಂತ ಗೊತ್ತಿತ್ತು. ಎದೆನೋವಿನ ಕರೆಗಳ ಹೊತ್ತು ಅದು.
ಮುದುಕನ ಉಸಿರು ಒಮ್ಮೆ ಎಳೆದು, ನಿಂತಿತು.
ಎಣಿಸಿದೆ. ನಾಲ್ಕು. ಐದು. ಆರು.
ಕೈ ತಾನಾಗಿ ಕಿವಿಯ ಬಳಿ ಹೋಗಿತ್ತು.
ಏಳಕ್ಕೆ ಗೊರಕೆ,
ಕಲ್ಲಿದ್ದಲಿನ ಗೂಡ್ಸು ಕದಲಿದ ಹಾಗೆ.
ಕಂಬಳಿ ಕಚ್ಚಿಕೊಂಡು ನಕ್ಕೆ.
ನಿಜವಾಗಿ ನಿಂತಿದ್ದರೆ?
ಯಾರನ್ನು ಕರೆಯುತ್ತಿದ್ದೆ, ಏನಂತ ಹೇಳುತ್ತಿದ್ದೆ?
ಕಿಟಕಿಯಾಚೆ ಒಂದು ದೀಪ ಇಲ್ಲ.
ಕಂಬ, ಬಯಲು, ಕಂಬ, ಮತ್ತೆ ಅದೇ ಬಯಲು.

ಹಿಂದೊಮ್ಮೆ ಒಬ್ಬ ಹುಡುಗ, ಐದು ವರ್ಷ ಇರಬಹುದು,
ಮನೆ ಎಲ್ಲಿ ಮರಿ ಅಂದರೆ
ಕೆಂಪು ಸೋಫಾ ಇರೋದು, ಅಂದಿದ್ದ.
ಅಜ್ಜಿ ಅದರ ಹಿಂದೆ ಬಿದ್ದಿದ್ದಾಳೆ.
ಅವತ್ತು ಆ ಸೋಫಾ ಸಿಕ್ಕಿತು.
ಎಲ್ಲ ಸೋಫಾಗಳೂ ಸಿಗಲಿಲ್ಲ.

ಮರುದಿನ ಕತ್ತಲಾಗುತ್ತಿದ್ದಂತೆ ಅರಾಲ್.
ನಿಲ್ದಾಣಕ್ಕೆ ಕಡಲಿನ ಹೆಸರು;
ಕಡಲು ವಿಳಾಸ ಬದಲಿಸಿ ಬಹಳ ವರ್ಷ.
ಆದರೂ ಹೆಂಗಸರು ಓಡೋಡಿ ಬಂದರು,
ದಾರಕ್ಕೆ ಪೋಣಿಸಿದ ಹೊಗೆ ಹಾಕಿದ ಮೀನು ಹಿಡಿದು.
ಎಲ್ಲಿಂದ ಹಿಡಿದದ್ದು ಅಂತ ಕೇಳಿದೆ.
ನೀರಿಂದ, ಅಂದಳೊಬ್ಬಳು, ಚಿಲ್ಲರೆ ಎಣಿಸುತ್ತಾ.

ಪತ್ರಿಕೆ ಹಾಸಿ ಮುದುಕನೂ ನಾನೂ ತಿಂದೆವು.
ನೀನೆಲ್ಲಿ ಇಳಿಯೋದು?
ಮಂಗಿಸ್ತೌ.
ಅಲ್ಲಿ ಯಾರಿದ್ದಾರೆ?
ಯಾರೂ ಇಲ್ಲ.
ಮುಳ್ಳೊಂದನ್ನು ನಾಲಿಗೆಯ ತುದಿಗೆ ತಂದು
ಬಹಳ ಹೊತ್ತು ಯೋಚಿಸಿ ಹೇಳಿದ:
ಹಾಗಾದ್ರೆ ನಿನಗೇನೂ ಅವಸರ ಇಲ್ಲ.
ಬೇಯ್ನೆವು ಬಂದಾಗ ಗಾಜಿನ ಒಂದು ತುದಿ ಹಿಡಿ.

ಬೇಯ್ನೆವು ಬಂದಾಗ ಬೆಳಗಾಗಿತ್ತು. ಮೆಟ್ಟಿಲು ಕಡಿದು, ಗಾಳಿ ಜೋರು.
ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು ಇಳಿದೆ,
ಜನ್ಮದಲ್ಲಿ ಯಾರನ್ನೂ ನಾನು ಸ್ಟ್ರೆಚರಿನಲ್ಲಿ ಹೊತ್ತವಳಲ್ಲ,
ಬೇರೆಯವರನ್ನು ಕಳಿಸಿದವಳು.
ಭಾರ ಇಷ್ಟಿರುತ್ತದೆ ಎಂದು ಗೊತ್ತಿರಲಿಲ್ಲ.

ಹೊರಗೆ ಅವನ ಮಗ, ಗಾಜಿಲ್ಲದ ಕಾರು,
ಕಣ್ಣಿಗೆ ವೆಲ್ಡಿಂಗಿನ ಕನ್ನಡಕ, ಹುಬ್ಬಿನ ತುಂಬ ಮರಳು.
ವಾಪಸು ಹೋಗುವಾಗ ಮನೆಗೆ ಬಾ, ಅಂದ ಮುದುಕ.
ವಿಳಾಸ ಹೇಳಿ, ಅಂದೆ. ಅಭ್ಯಾಸ.
ನೀರಿನ ಟ್ಯಾಂಕ್ ದಾಟಿ ಯಾರನ್ನಾದ್ರೂ ಕೇಳು,
ಮುಂಗಾಜಿಲ್ಲದ ಕಾರಿನವರ ಮನೆ ಅಂದ್ರೆ ತೋರಿಸ್ತಾರೆ.
ಇವತ್ತಿಂದ ಆ ಗುರುತು ಇರೋದಿಲ್ಲವಲ್ಲ?
ಅಪ್ಪ ಮಗನ ಮುಖ ನೋಡಿದ. ಮಗ ಗಾಜಿನ ಮುಖ ನೋಡಿದ.
ಹಿಂದಿನಿಂದ ಕುಲ್ಯಾಶ್ ಕೂಗುತ್ತಿದ್ದಳು:
ಮೂವತ್ತೇಳನೇ ಸೀಟು! ಎಲ್ಲಿ ಹಾಳಾಗಿ ಹೋದೆ?