ಒತ್ತು

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ
ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ,
ಬೆರಳಲ್ಲಿನ್ನೂ ಸೀಮೆಸುಣ್ಣ.
ಪಕ್ಕದಲ್ಲಿ ಗೂಡು ಮಾರಿ ಬಂದವನ ಖಾಲಿ ಚೀಲ.
ನಲವತ್ತೊಂದಕ್ಕೆ ಹಲ್ಲಿಗೆ ತಂತಿಯಾ ಎಂದು
ನೀವು ನಗಬಹುದು. ನಾನು ನಗುವುದಿಲ್ಲ.
ನಗು ಬಂದರೆ ಸೆರಗು ತಾನೇ ಎದ್ದು
ಬಾಯಿಗೆ ಅಡ್ಡ ನಿಲ್ಲುತ್ತದೆ,
ಮದುವೆಯ ಆಲ್ಬಮ್ಮಿನಲ್ಲೂ.

ಡಾಕ್ಟರ್ ಪ್ರಣತಿ ರೆಡ್ಡಿ, ನನಗಿಂತ ಹದಿಮೂರು ವರ್ಷ ಚಿಕ್ಕವಳು,
ಮೇಜಿನ ಮೇಲೆ ನಾಲ್ಕು ದವಡೆ ಸಾಲಾಗಿಟ್ಟಳು,
ಬಳೆಗಾರ ಡಜನ್ ಬಿಚ್ಚಿ ತೋರಿಸುವ ಹಾಗೆ.

ಮೊದಲನೆಯದು ಸ್ಟೀಲು.
"ಗಟ್ಟಿ, ಅಗ್ಗ. ಹಟಮಾರಿ ಹಲ್ಲಿಗೆ ಇದೇ ಸರಿ ಮೇಡಂ,
ಆದರೆ ಎದ್ದು ಕಾಣುತ್ತೆ."

ಎರಡನೆಯದು ಸೆರಾಮಿಕ್, ಹಲ್ಲಿನದೇ ಬಣ್ಣ.
ಸುತ್ತಿದ ರಬ್ಬರು ಮಾತ್ರ ಅರಿಶಿನಕ್ಕೆ ಒಲಿದುಬಿಡುತ್ತದಂತೆ.
ಅವರೆಕಾಯಿ ಕಾಲ, ಮನೆಯಲ್ಲಿ ದಿನಾ ಹಿತುಕಿದ ಬೇಳೆ ಸಾರು.
ಈ ವಯಸ್ಸಲ್ಲಿ ಮತ್ತೆ ಅರಿಶಿನ ಶಾಸ್ತ್ರ!

ಮೂರನೆಯದನ್ನು ಹಲ್ಲಿನ ಬೆನ್ನಿಗೆ ಅಂಟಿಸುತ್ತಾರೆ.
ಊರಿಗೆ ಕಾಣದು, ನಾಲಿಗೆಗೆ ಮಾತ್ರ ಗೊತ್ತು.
ಅಂಥದ್ದು ನನಗೆ ಹೊಸದೇನಲ್ಲ.
"ಮೊದಮೊದಲು ಮಾತು ಸ್ವಲ್ಪ ತೊದಲಬಹುದು."
ಅಲ್ಲೇ ಪಿಸುಗುಟ್ಟಿ ನೋಡಿದೆ: ತ ಥ ದ ಧ ನ.
ಐದೂ ಹಲ್ಲಿನ ಬೆನ್ನಿಗೆ ನಾಲಿಗೆ ಆನಿಸಿ ಹುಟ್ಟುವಂಥವು.
ನನ್ನ ಮೂರನೇ ತರಗತಿಯಲ್ಲಿ ಮೂವತ್ತೊಂದು ಮಕ್ಕಳು,
ಮನೆಯಲ್ಲಿ ತೆಲುಗು, ಇಲ್ಲವೇ ಉರ್ದು.
ತಲೆಗೂ ಥಳಥಳಕ್ಕೂ ಇರುವ ಅಂತರ
ಅವರಿಗೆ ಸಿಗುವುದು ಈ ಬಾಯಿಂದಲೇ.

ನಾಲ್ಕನೆಯದು ಗಾಜಿನಂಥ ತಟ್ಟೆ, ತಂತಿಯಿಲ್ಲ.
ಹದಿನೈದು ದಿನಕ್ಕೊಂದು ಹೊಸದು,
ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಲ್ಲೇ ಇರಬೇಕು,
ತಿನ್ನುವಾಗ ಕುಡಿಯುವಾಗ ತೆಗೆದಿಡಬೇಕು.
ಬೆಲೆ ಕೇಳಿದೆ. ಆ ದುಡ್ಡಿಗೆ ಎರಡು ಸ್ಕೂಟರು ಬರುತ್ತವೆ.
ಸ್ಟಾಫ್ ರೂಮಿನಲ್ಲಿ ಟೀ ಮೂರು ಸಲ.
ಮೂರು ಸಲ ಬಾಯಿಂದ ಹಲ್ಲಿನಾಕಾರ ತೆಗೆದು ಡಬ್ಬಿಗಿಟ್ಟರೆ
ಸರ್ವಮಂಗಳಾ ಮಿಸ್ ಕೇಳುತ್ತಾರೆ, "ನಿಮ್ಮ ರಿಟೈರ್ಮೆಂಟು ಯಾವಾಗ?"

"ಯಾವುದು ಮೇಡಂ?"

ನನಗೆ ನೆನಪಾದದ್ದು ಬುಧವಾರ.
ಬೋರ್ಡಿನ ಮೇಲೆ ದೊಡ್ಡದಾಗಿ 'ಹಲ್ಲು' ಎಂದು ಬರೆದಿದ್ದೆ.
ಫೈಜಾನ್ ಎದ್ದ:
"ಮಿಸ್, ಇನ್ನೊಂದು ಲ ಯಾಕೆ ಕೆಳಗೆ ಹೋಯ್ತು?
ಪಕ್ಕದಲ್ಲಿ ಜಾಗ ಇತ್ತಲ್ವಾ?"
ಅದು ಒತ್ತು, ಅದು ಹಾಗೇ, ಕೂತ್ಕೋ ಅಂದೆ.
ಅವನು ಕೂತ. ನನ್ನ ಬಾಯಿಯನ್ನೇ ನೋಡುತ್ತಾ ಕೂತ.

ಜಾಗ ಮಾಡಲು ನಾಲ್ಕು ಹಲ್ಲು ಕೀಳಬೇಕಂತೆ,
ಮೇಲೆರಡು, ಕೆಳಗೆರಡು,
ಹುಳುಕಿಲ್ಲದವು, ಯಾರ ತಂಟೆಗೂ ಹೋಗದವು.
ಅಷ್ಟು ಕೊಟ್ಟ ಮೇಲೆ
ಮುಚ್ಚುವುದನ್ನು ಮುಚ್ಚಿಡಲು ಮತ್ತೆ ದುಡ್ಡೇಕೆ?
ಸ್ಟೀಲೇ ಹಾಕಮ್ಮ, ಅಂದೆ.

ರಾತ್ರಿ ಇಡೀ ದವಡೆ ಮಿಡಿಯಿತು.
ಮಾರನೆಯ ದಿನ ಎದುರು ಮನೆಯ ಮುಬೀನಾ,
ಇಪ್ಪತ್ತು ವರ್ಷದಿಂದ ಬಿಸಿನೀರಲ್ಲಿ ಎಳೆ ಹುಡುಕುವವಳು,
ನನ್ನ ಬಾಯಿಯೊಳಗೆ ಇಣುಕಿ ಹೇಳಿದಳು:
"ಮೆಲ್ಲಗೆ ಎಳೀಬೇಕು ಅಕ್ಕಾ. ಜೋರು ಮಾಡಿದ್ರೆ ಕಡಿಯುತ್ತೆ."
ಕಡಲೆಕಾಯಿ ಬೇಡ, ಸೀಬೆಕಾಯಿ ಬೇಡ,
ಚಟ್ನಿಗಷ್ಟೇ ಮಾವಿನಕಾಯಿ.
ಮುದ್ದೆಗೆ ಮಾತ್ರ ತಕರಾರಿಲ್ಲ,
ನಮ್ಮ ಕಡೆ ಅದನ್ನು ಯಾರೂ ಅಗಿಯುವುದಿಲ್ಲ.

ಸೋಮವಾರ ಹಾಜರಿ ಕೂಗುವಾಗ
ಹನ್ನೊಂದನೇ ಹೆಸರಿಗೆ ತರಗತಿ ಗುಸುಗುಸು ಅಂದಿತು.
ಫೈಜಾನ್ ಬೆಂಚಿನ ಮೇಲೆ ಹತ್ತಿ ನಿಂತು ನೋಡಿದ,
"ಮಿಸ್ ಹಲ್ಲಿಗೆ ಗೆರೆ ಎಳೆದಿದ್ದಾರೆ ಕಣ್ರೋ,
ಕಾಪಿ ಪುಸ್ತಕದ್ದು!
ಒಂದೇ ಒಂದು ಇನ್ನೂ ಗೆರೆ ಕೆಳಗೆ ಇದೆ."

ಸೆರಗು ಎದ್ದಿತು.
ಒಂದು ಕೈಯಲ್ಲಿ ಹಾಜರಿ ಪುಸ್ತಕ,
ಇನ್ನೊಂದರಲ್ಲಿ ಸೀಮೆಸುಣ್ಣ,
ಹಿಡಿಯುವವರಿಲ್ಲದೆ ಅದು ಅರ್ಧಕ್ಕೇ ಜಾರಿತು.