ಮೂವತ್ತೊಂದನೇ ಪುಟ

ನನ್ನ ಕೆಲಸ ಹರಿದದ್ದನ್ನು ಅಂಟಿಸುವುದು.
ಸ್ಲೊವಾಕಿಯಾದ ಮೂಡಣ ಅಂಚಿನ ಪುಟ್ಟ ಊರು,
ಗ್ರಂಥಾಲಯದ ನೆಲಮಾಳಿಗೆ,
ಒಂದು ಬಲ್ಬು, ಒಂದು ಬೋಗುಣಿ ಗೋಂದು,
ಇಪ್ಪತ್ತಾರು ಚಳಿಗಾಲ.

ಯಾವ ಪುಸ್ತಕಕ್ಕೆ ಎಲ್ಲಿ ನೋವೆಂದು
ಬೆನ್ನು ಸವರಿದರೆ ಗೊತ್ತಾಗುತ್ತದೆ ನನಗೆ.
ಅಡುಗೆ ಪುಸ್ತಕಕ್ಕೆ ಬೆಣ್ಣೆಯ ಜಿಡ್ಡು,
ಪ್ರೇಮದ ಕಾದಂಬರಿಗೆ ಕೊನೆಯ ಹತ್ತು ಹಾಳೆ ಸಡಿಲ,
ಮಕ್ಕಳ ಕತೆಗಳಿಗೆ ಎಲ್ಲೆಂದರಲ್ಲಿ ಹಲ್ಲಿನ ಗುರುತು.

ಆ ಒಂದು ಪುಸ್ತಕ ಮಾತ್ರ, ಕೆಂಪು ರಟ್ಟಿನದು,
ಬಂದಾಗಲೆಲ್ಲ ಒಂದೇ ಗಾಯ:
ಮೂವತ್ತೊಂದನೇ ಪುಟ ಇಲ್ಲ.

ಕಿತ್ತದ್ದಲ್ಲ, ಕತ್ತರಿಸಿದ್ದು. ಅಳತೆ ಹಿಡಿದು,
ಹೊಲಿಗೆಗೆ ನೋವಾಗದ ಹಾಗೆ.
ಯಾರೋ ಪೋಕರಿ, ಅಂದೆ. ನಕಲು ತೆಗೆದು ಅಂಟಿಸಿದೆ.
ವಸಂತಕ್ಕೆ ಮತ್ತೆ ಇಲ್ಲ.
ಮತ್ತೆ ಅಂಟಿಸಿದೆ. ನಾಲ್ಕು ಸಲ.
ನಾನೂ ಹಟಮಾರಿಯೇ, ಅಮ್ಮ ಹೇಳುತ್ತಿದ್ದಳು.

ಆ ಪುಟದಲ್ಲಿ ಏನಿತ್ತು ಅಂತ ಕೇಳಿದ್ದರೆ
ಅಂಚು ಎಷ್ಟು, ಕಾಗದ ಎಷ್ಟು ದಪ್ಪ,
ಅಷ್ಟು ಹೇಳುತ್ತಿದ್ದೆ.

ಐದನೇ ಸಲ ಸಿಕ್ಕಳು, ಕಪಾಟುಗಳ ಸಂದಿಯಲ್ಲಿ.
ಮಂಡಿಯ ಮೇಲೆ ಪುಸ್ತಕ,
ಕೈಯಲ್ಲಿ ಶಾಲೆಯ ಕತ್ತರಿ, ಮೊಂಡು ತುದಿಯದು.
ಸಿದೋನಿಯಾ. ರೈಲು ಹಳಿಯಾಚೆಯ ರೋಮಾ ಕೇರಿಯವಳು,
ಹತ್ತು ವರ್ಷ ಇರಬಹುದು. ಓಡಲಿಲ್ಲ.
"ತಮ್ಮ ಈ ಸಲ ಶಾಲೆಗೆ ಸೇರ್ತಾನೆ," ಅಂದಳು,
"ಅಷ್ಟರೊಳಗೆ ಮುಗಿಸಬೇಕು."

ಆಗ ನೋಡಿದೆ ಚಿತ್ರವನ್ನು, ನೋಡುವ ಹಾಗೆ.
ಬಳೆಯಷ್ಟು ದೊಡ್ಡ ಓಲೆ, ಗಂಟುಮುಖ,
ಸಿದೋನಿಯಾಳದೇ ಕಪ್ಪು ಕೂದಲು, ಹೆಗಲಿಗೊಂದು ಚೀಲ,
ಚೀಲದ ಬಾಯಲ್ಲಿ ಇಣುಕುವ ಬೆಳ್ಳನೆ ಮಗುವಿನ ಪಾದ.
ಹಿಂಬದಿಯಲ್ಲಿ, ಮೂವತ್ತೆರಡರಲ್ಲಿ,
ದೊಣ್ಣೆ ಹಿಡಿದ ಊರು.
ಅಮ್ಮ ನನಗೆ ಓದಿದ್ದ ಕತೆ.
ನಾನು ನನ್ನ ಮಗನಿಗೆ ದನಿ ಬದಲಿಸಿ ಓದಿದ್ದೆ,
ನಗಿಸಿದ್ದೆ.

ಕುಂಬಳಕಾಯಿ ಕಳ್ಳ ಅಂದರೆ
ಕದ್ದವರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ.
ಕದಿಯದವರೂ ಮುಟ್ಟಿಕೊಳ್ಳುತ್ತಾರೆ,
ಒಂದನೇ ತರಗತಿಯಿಂದ ದಿನವೂ
ಅದೇ ಕೂಗು ಕೇಳಿದರೆ.

"ಬೇರೆ ಪುಟ ಯಾಕೆ ಮುಟ್ಟಲಿಲ್ಲ?"
ಪೆದ್ದು ಪ್ರಶ್ನೆ. ಏನಾದರೂ ಕೇಳಬೇಕಿತ್ತು.
"ಬೇರೆ ಪುಟದಲ್ಲಿ ನಾವಿಲ್ಲ."
ಇಡೀ ಕಪಾಟಿನತ್ತ ಕತ್ತರಿ ತೋರಿಸಿದಳು,
"ಇಲ್ಲೆಲ್ಲೂ ಇಲ್ಲ. ಎಲ್ಲಾ ನೋಡಿದೀನಿ."

ಮೇಲಿನ ಒಟಿಲಿಯಾಗೆ ದೂರು ಹೇಳಲಿಲ್ಲ. ದಂಡ ಬರೆಯಲಿಲ್ಲ.
ಶೂರತನವೇನಲ್ಲ ಇದು. ಆ ರಾತ್ರಿ ಗೋಂದು ಕಲಸಿ
ಸುಮ್ಮನೆ ಕೂತಿದ್ದೆ, ಅದು ಕೆನೆಗಟ್ಟಿ ಒಣಗುವ ತನಕ.
ಬೆಳಿಗ್ಗೆ ಖಾಲಿ ಹಾಳೆಯೊಂದನ್ನು ಹೊಲಿದೆ ಅಲ್ಲಿಗೆ,
ಒಳ್ಳೆಯ ಕಾಗದ, ಭೂಪಟಗಳಿಗೆಂದು ಎತ್ತಿಟ್ಟದ್ದು.

ಊರಿನ ಮೂರು ಶಾಲೆಗಳಲ್ಲಿ
ಅದೇ ಪುಸ್ತಕದ ಹನ್ನೊಂದು ಪ್ರತಿಗಳಿವೆ.
ಹನ್ನೊಂದರಲ್ಲೂ ಮೂವತ್ತೊಂದು ಇದೆ.

ಸೆಪ್ಟೆಂಬರಿನಲ್ಲಿ ಅಕ್ಕನ ಕೈ ಹಿಡಿದು ಬಂದ ರೋಲಂದ್.
ಮುಂದಿನ ಹಲ್ಲಿಲ್ಲ, ಬೂಟು ಅಕ್ಕನದು.
ಕೆಂಪು ಪುಸ್ತಕವನ್ನೇ ಎಳೆದ.
ಚಿತ್ರ ನೋಡುತ್ತ, ಉಗುಳು ಹಚ್ಚಿ ಹಾಳೆ ತಿರುವುತ್ತ
ಅಲ್ಲಿಗೆ ಬಂದು ನಿಂತ.
ಸಿದೋನಿಯಾ ನನ್ನನ್ನು ನೋಡಿದಳು. ನಾನು ನನ್ನ ಕೈಗಳನ್ನು.

"ಹಿಮ ಬಿದ್ದಿದೆ," ಅಂದ.
ಆಚೆ ಬದಿಯಲ್ಲೂ ಬಿದ್ದಿದೆಯೇ ಎಂದು ತಿರುವಿ ನೋಡಿ
ಮುಂದೆ ಹೋದ.

ಕತ್ತರಿಸಿದ ಹಾಳೆಗಳನ್ನು ಏನು ಮಾಡಿದಳೋ,
ಇನ್ನೂ ಕೇಳಿಲ್ಲ.
ಈಗ ಅಂಟಿಸುವ ಮುಂಚೆ ಓದುತ್ತೇನೆ,
ಮೊದಲ ಅಕ್ಷರದಿಂದ, ಪ್ರತಿಯೊಂದನ್ನೂ.
ಕೆಲಸ ನಿಧಾನವಾಗಿದೆ. ಮೆಟ್ಟಿಲ ಮೇಲೆ ನಿಂತು
ಒಟಿಲಿಯಾ ಗೊಣಗುತ್ತಾಳೆ.